ಹನ್ನೆರಡು ಅ

7 ಅಕ್ಟೋಬರ್ 2024, ಸೋಮವಾರ

ಆಫೀಸಿಗೆ ಹೊಸಬಳು ಬಂದಳು. ಮೆಹನಾಜ್ ಅಂತೆ, ಮಸ್ಕಿಯವಳು. ವಯಸ್ಸು ಇಪ್ಪತ್ನಾಲ್ಕರ ಮೇಲಿರಲಾರದು. ಸಿಂಧನೂರಿನ ಈ ಗೊಬ್ಬರದಂಗಡಿಯ ಮೇಲಿನ ಆಫೀಸಿಗೆ ಮೊದಲ ದಿನ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ಇವಳು ಮುಚ್ಚಿಕೊಳ್ಳಲಿಲ್ಲ. ಅದೂ ನನಗೆ ಸೇರಲಿಲ್ಲ.

ಅನಿಲಕುಮಾರ ಸರ್ ನನ್ನನ್ನು ಪರಿಚಯ ಮಾಡಿಕೊಟ್ಟ ರೀತಿ ನೋಡಬೇಕಿತ್ತು. "ಇಕಿ ಪದ್ಮಾವತಿ. ಆಫೀಸ್ ತೆಗೆದಾಗಿಂದ ಅದಾಳ" ಎಂದರು, ಮೂಲೆಯ ಹಳೇ ಫ್ಯಾನು ತೋರಿಸಿದ ಹಾಗೆ. ಎಂಟು ವರ್ಷವಾಯಿತು. ಈ ಆಫೀಸಿನ ಮೊದಲ ಸಾಲು ಕೋಡ್ ಬರೆದವಳು ನಾನು. ಆಗ ಸರ್ ಕೂಡ ಕೆಳಗಿನ ಅಂಗಡಿಯಲ್ಲಿ ಯೂರಿಯಾ ಮಾರುತ್ತಿದ್ದರು.

ಆಮೇಲೆ ಎಲ್ಲರನ್ನೂ ಕರೆದು ಹೇಳಿದರು: "ದೀಪಾವಳಿ ಮುಗಿದ್ಮ್ಯಾಗ ಲಿಂಗಸುಗೂರಾಗ ಇನ್ನೊಂದು ಆಫೀಸ್ ತೆಗಿಯಾಕತ್ತೀವಿ. ಅದನ್ನ ಯಾರು ನೋಡ್ಕೋಬೇಕು ಅನ್ನೋದು ಬಳಗಾನೂರಿನ ಕೆಲಸ ಮುಗಿದ ದಿನ ಹೇಳ್ತೀನಿ."

ಎಲ್ಲರೂ ನನ್ನ ಕಡೆ ನೋಡಿದರು. ಮಸ್ಕಿಯವಳು ಮಾತ್ರ ಕಂಪ್ಯೂಟರ್ ಕಡೆ ನೋಡುತ್ತಿದ್ದಳು. ಲಿಂಗಸುಗೂರು ನನ್ನದೇ. ಅಲ್ಲಿ ಒಂದು ಕುರ್ಚಿ, ಒಂದು ಬಾಗಿಲು, ಬಾಗಿಲ ಮೇಲೆ ನನ್ನ ಹೆಸರು. ಅವ್ವನಿಗೂ ಹೇಳಿಲ್ಲದ್ದನ್ನು ಇಲ್ಲಿ ಬರೆದಿಟ್ಟೆ.

9 ಅಕ್ಟೋಬರ್, ಬುಧವಾರ

ಕೆಂಪು ಗೆರೆಗಳ ದಿನ.

ಬಳಗಾನೂರಿನಲ್ಲಿ ಭತ್ತ ಕೊಯ್ಯುವ ಮಷೀನು ಯಾರ ಗದ್ದೆಗೆ ಯಾವಾಗ ಹೋಗಬೇಕು ಎಂಬ ಪಾಳಿಯನ್ನು ಊರ ಹಿರಿಯರಾದ ಕರಿಬಸಯ್ಯನವರು ಇಷ್ಟು ವರ್ಷ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದರು. ಅದನ್ನು ಫೋನಿಗೆ ತರುವುದು ನಮ್ಮ ಕೆಲಸ. ಇಡೀ ಪುಟವನ್ನು ಸಣ್ಣ ಸಣ್ಣ ತುಣುಕುಗಳಾಗಿ ಮಾಡಿ ಜೋಡಿಸುತ್ತೇವೆ. ಹೆಸರು ಬರೆಸಿಕೊಳ್ಳುವುದು ಒಂದು ತುಣುಕು, ಪಾಳಿ ಚೀಟಿ ಒಂದು, ಪಟ್ಟಿ ಒಂದು. ಪಾಳಿ ಎಂದರೆ ಅಂಕಿಯೋ ಅಕ್ಷರವೋ ಎಂದು ಪ್ರತಿ ತುಣುಕೂ ಮೊದಲೇ ಹೇಳಬೇಕು. ಒಂದು ತುಣುಕು ಅಂಕಿ ಅಂದು ಇನ್ನೊಂದು ಅಕ್ಷರ ಅಂದರೆ ಕಂಪ್ಯೂಟರ್ ಕೆಂಪು ಗೆರೆ ಎಳೆದು ತಕರಾರು ತೆಗೆಯುತ್ತದೆ.

ಪಾಳಿ ಚೀಟಿಯನ್ನು ನಾನು ಒಂದೇ ಹೆಸರಿನಲ್ಲಿ ಎರಡು ಕಡೆ ಬರೆದಿದ್ದೆ. ಬೇಸಿಗೆಯಲ್ಲಿ ಬರೆದದ್ದು ಅಕ್ಷರ, ಮಳೆಗಾಲದಲ್ಲಿ ಬರೆದದ್ದು ಅಂಕಿ. ತಕರಾರು ಬಂದಲ್ಲೆಲ್ಲ ‘ಎನಿ’ ಎಂದು ಬರೆದು ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದೆ. ಎನಿ ಎಂದರೆ ಏನು ಬಂದರೂ ನಡೆಯುತ್ತದೆ, ಸುಮ್ಮನಿರು ಎಂದು. ನಡೆದಿತ್ತು ಕೂಡ.

ಮಸ್ಕಿಯವಳು ಬಂದ ಮೂರನೇ ದಿನಕ್ಕೇ ಅವನ್ನೆಲ್ಲ ಕಿತ್ತು ಹಾಕಿದಳು. ನಲವತ್ತಮೂರು ಕೆಂಪು ಗೆರೆ ಎದ್ದು ಕೂತವು. ಸರ್ ಬಂದು ನಿಂತು ಒಂದೊಂದಾಗಿ ಎಣಿಸಿದರು.

"ಅಕ್ಕಾರ, ಹತ್ತನೇ ಪಾಳಿ ಎರಡನೇದರ ಮುಂದ ಬರಾಕತ್ತೈತಿ ನೋಡ್ರಿ" ಎಂದಳು. "ಅಕ್ಷರ ಅಂತ ಹಿಡದ್ರ ಹತ್ತರಾಗಿನ ಮೊದಲಿನ ಒಂದನ್ನs ನೋಡತೈತಿ, ಒಂದು ಎರಡಕ್ಕಿಂತ ಮುಂದಲ್ರಿ. ಹಂಗಾಗಿ ಹತ್ತು ಮುಂದ ಬಂದೈತಿ."

ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ನೋಡಿರಲಿಲ್ಲ ಅಷ್ಟೇ. ಸರ್ ಎದುರಿಗೇ ಹೇಳಬೇಕಿತ್ತೇ ಅದನ್ನು?

10 ಅಕ್ಟೋಬರ್

ನಲವತ್ತಮೂರೂ ಮಾಯ. ಎಲ್ಲ ತುಣುಕಿನಲ್ಲೂ ಪಾಳಿ ಎಂದರೆ ಅಂಕಿ, ಒಂದೇ ಕಡೆ ಬರೆದದ್ದು, ಮಿಕ್ಕವೆಲ್ಲ ಅಲ್ಲಿಂದ ಕೇಳಿ ತಿಳಿದುಕೊಳ್ಳುತ್ತವೆ. ಎಷ್ಟು ಚೆನ್ನಾಗಿದೆಯೆಂದರೆ ಎರಡು ಸಲ ಓದಿದೆ. ಮೂರನೇ ಸಲ ತಪ್ಪು ಹುಡುಕುತ್ತ ಓದಿದೆ.

ಊಟದ ಹೊತ್ತಿಗೆ ಅವಳೇ ಬಂದು ಕೇಳಿದಳು. "ಅಕ್ಕಾರ, ನೀವು ಬಳಗಾನೂರಿನ ಕಡೆಯವರಂತಲ್ರಿ. ಪಾಳಿ ಯಾವಾಗ್ಲೂ ಬರೀ ಅಂಕಿನೇ ಇರತೈತೇನ್ರಿ? ನಮ್ಮ ಮನ್ಯಾಗ ಭತ್ತದ ಗದ್ದಿ ಇಲ್ಲ, ನನಗ ತಿಳೀದಿಲ್ಲ."

ನಾನು ರೊಟ್ಟಿ ಮುರಿಯುತ್ತಿದ್ದೆ. "ಕರಿಬಸಯ್ಯನೋರು ಫೋಟೋ ಕಳಿಸ್ಯಾರಲ್ಲ, ಅದರಾಗ ಏನ್ ಐತಿ ನೋಡ್ಕೋವಾ" ಎಂದೆ.

ಫೋಟೋ ನೋಟ್‌ಬುಕ್ಕಿನ ಮೊದಲ ಪುಟದ್ದು. ಅದು ಹನ್ನೊಂದಕ್ಕೆ ಮುಗಿಯುತ್ತದೆ. ಅವರು ನೋಟ್‌ಬುಕ್ಕನ್ನು ಯಾರ ಕೈಗೂ ಕೊಡುವವರಲ್ಲ.

14 ಅಕ್ಟೋಬರ್, ಸೋಮವಾರ

ದಸರಾ ಮುಗಿಸಿ ಬಂದು ಎಲ್ಲರಿಗೂ ಬನ್ನಿ ಕೊಟ್ಟೆ. ಅವಳ ಟೇಬಲ್ ದಾಟಿ ಹೋದೆ. ಅವರಿಗೆ ಇದು ಇರುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐದು ನಿಮಿಷಕ್ಕೆ ಅವಳೇ ಚೂಡಿದಾರದ ಜೇಬಿನಿಂದ ಎಲೆ ತೆಗೆದು ನನ್ನ ಕೈಗಿಟ್ಟಳು. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಅಕ್ಕಾರ." ಮಸ್ಕಿಯಲ್ಲಿ ಅವರ ಪಕ್ಕದ ಮನೆಯವರು ಪ್ರತಿವರ್ಷ ಕೊಡುತ್ತಾರಂತೆ.

ಕೈಯಲ್ಲಿ ಬನ್ನಿ ಹಿಡಿದು ಕೂತ ನನ್ನನ್ನು ನೋಡಿ ಸರ್ ನಕ್ಕರು. ಇವಳಿಗೆ ಎಲ್ಲವೂ ಸರಿಯಾಗಿಯೇ ಮಾಡಲು ಬರುತ್ತದೆ. ಮೈ ಉರಿಯಿತು.

22 ಅಕ್ಟೋಬರ್

ಸರ್ ಇವತ್ತು ಮೂರು ಸಲ "ಮೆಹನಾಜ್‌ನ ಕೇಳ್ರಿ" ಅಂದರು. ಒಂದು ಸಲ ನನಗೇ ಅಂದರು.

28 ಅಕ್ಟೋಬರ್, ಸೋಮವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಬರೆಯುತ್ತೇನೆ.

ನಿನ್ನೆ ಅವ್ವನ ಜೊತೆ ಬಳಗಾನೂರಿಗೆ ಹೋಗಿದ್ದೆ. ಅವ್ವನ ಅಣ್ಣ ಪಂಪಣ್ಣ ಮಾವ ಗದ್ದೆಯ ಬದುವಿನ ಮೇಲೆ ನಿಂತು ಹೇಳಿದ: "ತೆನಿ ಬಾಗ್ಯಾವವಾ ಪದ್ಮಾ. ನಮ್ಮ ಪಾಳಿಗೆ ಮಷೀನು ಬಂತಂದ್ರ ಆತು. ಎರಡು ದಿನ ತಡಾ ಆದ್ರ ಎಲ್ಲ ನೆಲಕ್ಕ ಬೀಳತಾವ."

ಮಾವನ ಪಾಳಿ 12ಅ. ಅವನ ತಮ್ಮ ಶಿವರಾಜ ಮಾವನದು 12ಬ. ನಮ್ಮ ಕಾಲುವೆ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ಪಾಳಿಗೆ ಹೊಸ ಅಂಕಿ ಕೊಡುವುದಿಲ್ಲ. ಕೊಟ್ಟರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಲ್ಲ, ಯಾರು ಒಪ್ಪುತ್ತಾರೆ? ಅಪ್ಪನ ಕಾಲದ ಅಂಕಿಯನ್ನೇ ಇಟ್ಟು ಹಿಂದೆ ಅ, ಬ ಎಂದು ಬಾಲ ಹಚ್ಚುತ್ತಾರೆ. ಬೇಸಿಗೆಯಲ್ಲಿ ನಾನು ಪಾಳಿಯನ್ನು ಅಕ್ಷರ ಎಂದು ಬರೆದಿದ್ದು ಇದಕ್ಕೇ. ಬರೆದು ಮರೆತಿದ್ದೆ. ಅಲ್ಲ, ಸುಳ್ಳು. ಹತ್ತನೇ ತಾರೀಖು ಅವಳು ಕೇಳಿದಾಗ ನಾಲಿಗೆಯ ತುದಿಯಲ್ಲೇ ಇತ್ತು.

ಇವತ್ತು ಆಫೀಸಿನಲ್ಲಿ ಅವಳ ಕೋಡ್ ಸರಿಯಿದೆಯೇ ಎಂದು ನೋಡುವ ಒಂದು ಪರೀಕ್ಷೆ ಬರೆದೆ. ಐದೇ ಸಾಲು. 12ಅ ಪಾಳಿಯ ಒಂದು ಹೆಸರು ಕೊಟ್ಟು, ಪಟ್ಟಿಯಲ್ಲಿ ಬರುತ್ತದೆಯೇ ನೋಡು ಎಂದೆ. ಬರಲಿಲ್ಲ. ಅಂಕಿಯಲ್ಲದ್ದು ಬಂದರೆ ಖಾಲಿ ಸಾಲೆಂದು ಬಿಟ್ಟುಬಿಡುವಂತೆ ಬರೆದಿದ್ದಾಳೆ. ಮಾವ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಹನ್ನೊಂದಾದ ಮೇಲೆ ಹದಿಮೂರು.

ಎಷ್ಟು ಖುಷಿಯಾಯಿತು ಎಂದರೆ ಎದ್ದು ಹೋಗಿ ನೀರು ಕುಡಿದು ಬಂದೆ. ಅವಳು ಎದುರಿಗೇ ಕೂತಿದ್ದಳು. "ಅಕ್ಕಾರ, ಚಾ ಹೇಳ್ಲೇನ್ರಿ?" ಎಂದಳು. ಹೇಳು ಎಂದೆ. ಚಹಾ ಕುಡಿದೆವು. ಇದನ್ನು ಹೇಳಲಿಲ್ಲ. ಸಂಜೆ ಎಲ್ಲರೂ ದಿನದ ಕೆಲಸವನ್ನು ಆಫೀಸಿನ ಕಂಪ್ಯೂಟರಿಗೆ ಕಳಿಸಿ ಹೊರಡುತ್ತೇವೆ. ಅಭ್ಯಾಸ ಬಲದಿಂದ ಅದನ್ನೂ ಕಳಿಸಿ ಬಂದಿದ್ದೇನೆ.

29 ಅಕ್ಟೋಬರ್

ಬೆಳಿಗ್ಗೆ ಮೊದಲ ಕೆಲಸ, ಪರೀಕ್ಷೆಯ ಐದೂ ಸಾಲು ಅಳಿಸಿದೆ. ಪಟ್ಟಿ ತೆರೆಯಲು ಇನ್ನು ಮೂರು ವಾರವಿದೆ, ಬೇಕೆಂದರೆ ಯಾವಾಗ ಬೇಕಾದರೂ ಹೇಳಬಹುದು. ಬುದ್ಧಿವಂತೆ ತಾನೇ, ಅವಳೇ ಕಂಡುಹಿಡಿಯಲಿ.

6 ನವೆಂಬರ್, ಬುಧವಾರ

ಹಬ್ಬ ಮುಗಿಯಿತು. ಈ ವಾರ ನನ್ನ ಹಳೇ ಕೋಡಿನಲ್ಲಿದ್ದ ಎನಿಗಳನ್ನು ನಾನೇ ತೆಗೆಯುತ್ತಿದ್ದೇನೆ. ಯಾರಿಗೋ ತೋರಿಸಲಿಕ್ಕಲ್ಲ, ನನಗೇ ಬೇಸರ ಬಂದಿತ್ತು. ಒಂದು ಕಡೆ ಎಷ್ಟು ಮಾಡಿದರೂ ಕೆಂಪು ಗೆರೆ ಹೋಗಲಿಲ್ಲ. ಅವಳನ್ನು ಕೇಳಬಾರದೆಂದು ಮಧ್ಯಾಹ್ನದ ತನಕ ಹಟ ಹಿಡಿದೆ, ಆಮೇಲೆ ಕೇಳಿದೆ. ಕುರ್ಚಿ ಎಳೆದುಕೊಂಡು ಬಂದು ಕೂತಳು. ಕೀಲಿಮಣೆ ಮುಟ್ಟಲಿಲ್ಲ, ನನ್ನಿಂದಲೇ ಮಾಡಿಸಿದಳು. "ಅಕ್ಕಾರ, ಕಂಪ್ಯೂಟರ್ ಬೈಯಾಕತ್ತಿಲ್ರಿ. ಇಬ್ಬರೂ ಒಂದs ಮಾತ ಆಡ್ರಿ ಅನ್ನಾಕತ್ತೈತಿ, ಅಷ್ಟ."

ಎಂಟು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಸರ್‌ಗೆ ಕೋಡ್ ಬರುವುದಿಲ್ಲ, ಮಿಕ್ಕವರಿಗೆಲ್ಲ ಕಲಿಸಿದವಳು ನಾನು. ಇವಳಿಗೆ ಯಾರು ಕಲಿಸಿದರೋ, ಎಂಥ ಅದೃಷ್ಟವೋ. ಅದಕ್ಕೂ ಹೊಟ್ಟೆಕಿಚ್ಚಾಯಿತು.

15 ನವೆಂಬರ್

ಬಳಗಾನೂರಿನ ರೈತರು ಇವತ್ತಿನಿಂದ ತಮ್ಮ ಫೋನಿನಲ್ಲೇ ಹೆಸರು, ಪಾಳಿ ಬರೆಯತೊಡಗಿದ್ದಾರೆ. ಬರೆಸಿಕೊಳ್ಳುವ ತುಣುಕು ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಅದನ್ನು ಅಂಕಿ ಮಾಡಿಕೊಳ್ಳುವಾಗ 12ಅ ಥರದವನ್ನು ಕೈ ಬಿಡುವುದು ಪಟ್ಟಿಯ ತುಣುಕು. ಪಟ್ಟಿ ತೆರೆಯುವುದು ಸೋಮವಾರ.

ಇವತ್ತು ಹೇಳಬೇಕೆಂದು ಅವಳ ಟೇಬಲ್ ತನಕ ಹೋದೆ. ಸರ್ ಅಲ್ಲಿ ನಿಂತು "ಲಿಂಗಸುಗೂರಾಗ ಮನಿ ಸಿಗತೈತೇನು ನೋಡ್ಕೋವಾ ಮೆಹನಾಜ್, ದಿನಾ ಮಸ್ಕಿಯಿಂದ ಓಡಾಡೋದು ತ್ರಾಸ ಆಗತೈತಿ" ಎನ್ನುತ್ತಿದ್ದರು.

ವಾಪಸ್ ಬಂದು ಕೂತೆ.

18 ನವೆಂಬರ್, ಸೋಮವಾರ

ಬಳಗಾನೂರಿನ ಬಸ್ ನಿಲ್ದಾಣದ ಹತ್ತಿರದ ಶೆಡ್ಡಿನಲ್ಲಿ ಅರವತ್ತು ಜನ ಸೇರಿದ್ದರು. ಹೊರಗೆ ಮೂರು ಮಷೀನು ನಿಂತಿದ್ದವು. ಸರ್ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಕರಿಬಸಯ್ಯನವರು ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಕುರ್ಚಿಯಲ್ಲಿ ಕೂತಿದ್ದರು. ಮೆಹನಾಜ್ ಪಟ್ಟಿ ತೆರೆದಳು. ಎಲ್ಲರ ಫೋನಿನಲ್ಲೂ ಒಟ್ಟಿಗೇ ಬಂತು. ಮೊದಲ ಮಷೀನು ಒಂದನೇ ಪಾಳಿಗೆ, ಎರಡನೆಯದು ಹನ್ನೆರಡನೇ ಪಾಳಿಯಿಂದ ಎಂದು ಮೊದಲೇ ನಿಗದಿಯಾಗಿತ್ತು. ಪಟ್ಟಿ ನೋಡಿದ ಡ್ರೈವರ್ ಸೀದಾ ಹದಿಮೂರನೇ ಗದ್ದೆಗೆ ಮಷೀನು ತಿರುಗಿಸಿದ.

ಪಂಪಣ್ಣ ಮಾವ ಫೋನನ್ನು ಮೇಲೆ ಕೆಳಗೆ ಮಾಡಿದ. ಶಿವರಾಜ ಮಾವ ಶೆಡ್ಡಿನ ಆ ತುದಿಯಲ್ಲಿದ್ದ. ಆರು ವರ್ಷವಾಯಿತು, ಅಣ್ಣತಮ್ಮ ಮಾತು ಬಿಟ್ಟು. ಇವತ್ತು ಮಾವ ಎಲ್ಲರೆದುರು ಕೂಗಿದ: "ಲೇ ಶಿವರಾಜ, ನಿನ್ನ ಹೆಸರು ಐತೇನಲೇ?"

"ಇಲ್ಲೋ ಯಣ್ಣಾ. ನಿಂದು?"

"ನಂದೂ ಇಲ್ಲ!"

ಆಮೇಲೆ 19ಅ, 19ಬ, 27ಕ, ಒಬ್ಬೊಬ್ಬರಾಗಿ ಎದ್ದರು. ಹದಿನಾಲ್ಕು ಮನೆ. ಯಾರೋ "ಬೇರೆ ಆದೋರನ್ನ ಊರಿಂದs ತಗದೀರೇನ್ರಿ" ಎಂದರು. ಯಾರೂ ನಗಲಿಲ್ಲ. ಸರ್ ಮುಖ ಸಪ್ಪಗಾಯಿತು. ಕರಿಬಸಯ್ಯನವರು ನಿಧಾನವಾಗಿ ನೋಟ್‌ಬುಕ್ಕನ್ನು ಕಂಕುಳಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಮೆಹನಾಜ್ ಅರವತ್ತು ಜನರ ನಡುವೆ ಎದ್ದು ನಿಂತಳು. "ತಪ್ಪು ನಂದ್ರಿ. ಪಾಳಿಗೆ ಅಕ್ಷರ ಇರತೈತಿ ಅಂತ ನನಗ ಗೊತ್ತಿರ್ಲಿಲ್ರಿ. ಯಾರದೂ ಹೆಸರು ಹೋಗಿಲ್ಲ, ಒಳಗ ಅದಾವು. ಇವತ್ತs ಸರಿ ಮಾಡ್ತೀನಿ."

ಆಗ ನಾನು ಮುಂದೆ ಹೋದೆ. ಹೋದೆ ನೋಡು. ನಮ್ಮೂರಿನ ಪಾಳಿ ಹೇಗೆ ನಡೆಯುತ್ತದೆ, ಅ ಯಾಕೆ, ಬ ಯಾಕೆ, ಎಲ್ಲವನ್ನೂ ಸರ್‌ಗೆ ಗಿಳಿಗೆ ಹೇಳಿದಂತೆ ಬಿಡಿಸಿ ಹೇಳಿದೆ. ಜನ ತಲೆಯಾಡಿಸಿದರು. "ನಮ್ಮ ಪಾರ್ವತೆಮ್ಮನ ಮಗಳಲ್ಲೇನು, ತಿಳದಾಳ" ಎಂದರು ಕರಿಬಸಯ್ಯನವರು. ಸರ್ ನನ್ನನ್ನು ನೋಡಿದ ಹಾಗೆ ಎಂಟು ವರ್ಷದಲ್ಲಿ ನೋಡಿರಲಿಲ್ಲ.

ಗದ್ದೆಗಿಳಿದ ಮಷೀನನ್ನು ಅರ್ಧಕ್ಕೆ ಹಿಂದೆ ಕರೆಯುವುದಿಲ್ಲ. ಹದಿಮೂರನೆಯವರ ಗದ್ದೆ ಮುಗಿದು ಮಾವನ ಗದ್ದೆಗೆ ಮಷೀನು ಹೋಗುವುದು ಬುಧವಾರವಂತೆ.

19 ನವೆಂಬರ್

ಸರ್ ಹೇಳಿದರು. ಲಿಂಗಸುಗೂರು ನನಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು.

ನಿನ್ನೆ ಸಂಜೆಯೇ ಸರಿ ಮಾಡಿದ್ದಾಳೆ. ಪಾಳಿ ಈಗ ಬರೀ ಅಂಕಿಯೂ ಅಲ್ಲ, ಬರೀ ಅಕ್ಷರವೂ ಅಲ್ಲ. ಎರಡು ಭಾಗವಿರುವ ಒಂದು ವಸ್ತು, ಮುಂದೆ ಅಂಕಿ, ಹಿಂದೆ ಬಾಲ, ಬಾಲ ಇಲ್ಲದೆಯೂ ಇರಬಹುದು. ಮೊದಲು ಅಂಕಿ ನೋಡು, ಅಂಕಿ ಒಂದೇ ಆದರೆ ಬಾಲ ನೋಡು. ಎಲ್ಲ ತುಣುಕೂ ಒಪ್ಪಿದವು, ಒಂದೂ ಕೆಂಪು ಗೆರೆಯಿಲ್ಲ. ನನಗೆ ಬೇಸಿಗೆಯಿಂದ ಹೊಳೆಯದಿದ್ದದ್ದು ಅವಳಿಗೆ ಒಂದು ಸಂಜೆಯಲ್ಲಿ ಹೊಳೆಯಿತು. ಕೆಳಗೆ ಟಿಪ್ಪಣಿ ಬರೆದಿದ್ದಾಳೆ: "ಬಳಗಾನೂರಿನ ಪಾಳಿ ಪದ್ಧತಿ ವಿವರಿಸಿದವರು ಪದ್ಮಾವತಿ ಅಕ್ಕ."

ಅವ್ವ ಶಿರಾ ಮಾಡಿದ್ದಳು. ತಿಂದೆ.

22 ನವೆಂಬರ್, ಶುಕ್ರವಾರ

ಪಂಪಣ್ಣ ಮಾವ ಫೋನ್ ಮಾಡಿದ್ದ. ಎರಡು ದಿನ ತಡವಾದದ್ದಕ್ಕೆ ಒಂದು ಮೂಲೆಯ ಪೈರು ನೆಲಕ್ಕೆ ಬಿದ್ದಿದೆ, ಉಳಿದದ್ದು ಕೈಗೆ ಬಂತಂತೆ. ಆಮೇಲೆ ಹೇಳಿದ: "ನಿಮ್ಮ ಆಫೀಸಿನ ಆ ಹುಡುಗಿ ನಿನ್ನೆ ಒಬ್ಬಾಕಿನs ಬಸ್ಸಿಗೆ ಬಂದಿತ್ತವಾ. ಹದಿನಾಲ್ಕು ಮನೀಗೂ ಹೋಗಿ ತಪ್ಪಾತ್ರಿ ಅಂತ ಹೇಳಿ ಹೋತು. ಶಿವರಾಜನ ಮನ್ಯಾಗ ಉಂಡು ಹೋತು. ನನಗ ಒಳ್ಳೆ ಮಗಳ ಇದ್ದಂಗ ಅನಿಸ್ತು ನೋಡು."

ಶಿವರಾಜ ಮಾವನ ಮನೆಯ ಸುದ್ದಿ ನಿನಗೆ ಹೇಗೆ ಗೊತ್ತು ಎಂದೆ. "ನಾನೂ ಅಲ್ಲೇ ಉಂಡೆ" ಎಂದ.

ನನಗೆ ಯಾರ ಮೇಲೆ ಸಿಟ್ಟು ಬಂತೋ ತಿಳಿಯಲಿಲ್ಲ. ನನ್ನ ಮಾವಂದಿರು. ಆರು ವರ್ಷದಿಂದ ನಾನು, ಅವ್ವ ಬಾಯಿ ನೋಯುವಷ್ಟು ಹೇಳಿದರೂ ಒಂದು ಪಂಕ್ತಿಯಲ್ಲಿ ಕೂಡದವರು. ಅವಳ ತಪ್ಪಿಗೆ ಅವಳು ಹದಿನಾಲ್ಕು ಬಾಗಿಲು ಹತ್ತಿಳಿದು ಬಂದಳು. ಅವಳದು ಅರ್ಧ ತಪ್ಪು. ಉಳಿದರ್ಧ ಇಲ್ಲಿ ಕೂತು ಶಿರಾ ತಿಂದಿತು.

25 ನವೆಂಬರ್, ಸೋಮವಾರ

ಹೇಳಿದೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಮಸ್ಕಿ ಬಸ್ಸು ಬರುವ ಮೊದಲು. "ಮೆಹನಾಜ್, 12ಅ ವಿಷಯ ನನಗ ಮೊದಲs ಗೊತ್ತಿತ್ತು. ನೀ ಕೇಳಿದಾಗೂ ಗೊತ್ತಿತ್ತು. ಬೇಕಂತನs ಹೇಳ್ಲಿಲ್ಲ" ಎಂದೆ. ಹೇಳಿ ಬೆಂಚಿನ ಮೇಲೆ ಕೂತೆ.

"ಗೊತ್ತೈತ್ರಿ" ಎಂದಳು.

ಹದಿನೆಂಟರ ಸಂಜೆ ಸರಿ ಮಾಡುವಾಗ, ಈ ತಪ್ಪು ಯಾವತ್ತಿನಿಂದ ಇದೆ ಎಂದು ಹಳೆಯದನ್ನೆಲ್ಲ ತೆಗೆದು ನೋಡಿದಳಂತೆ. ನಮ್ಮ ಕೆಲಸದಲ್ಲಿ ಯಾರು ಯಾವ ಸಾಲು ಬರೆದರು, ಯಾವತ್ತು ಅಳಿಸಿದರು ಎಲ್ಲ ಉಳಿದಿರುತ್ತದೆ. ನಮ್ಮ ಆಫೀಸಿನಲ್ಲಿ ಅದನ್ನು ತೆಗೆದು ನೋಡುವವಳು ನಾನೊಬ್ಬಳೇ ಇದ್ದೆ, ಅದೇ ಧೈರ್ಯದಲ್ಲಿದ್ದೆ. ಇಪ್ಪತ್ತೆಂಟನೇ ತಾರೀಖು ಬರೆದದ್ದು, ಇಪ್ಪತ್ತೊಂಬತ್ತಕ್ಕೆ ಅಳಿಸಿದ್ದು, ಐದೂ ಸಾಲು ನನ್ನ ಹೆಸರಿನಲ್ಲಿ ಅಲ್ಲೇ ಇದ್ದವು.

"ಅವತ್ತs ನೋಡಿದ್ದಿ, ಮತ್ತ ಟಿಪ್ಪಣಿಯಾಗ ನನ್ನ ಹೆಸರು ಯಾಕ್ ಬರದಿ?"

"ವಿವರಿಸಿದೋರು ನೀವs ಅಲ್ರೀ. ಸುಳ್ಳೇನು ಬರದಿಲ್ಲ."

"ಸರ್‌ಗ ಯಾಕ್ ಹೇಳ್ಲಿಲ್ಲ?"

"ಅದು ನಾ ಹೇಳೋದಲ್ರಿ. ನೀವು ಹೇಳೋದು." ಬಸ್ಸು ಬಂತು. ಹತ್ತುವ ಮೊದಲು ತಿರುಗಿದಳು. "ಸಿಟ್ಟು ಬಂದೈತ್ರಿ ಅಕ್ಕಾರ, ಭಾಳ ಬಂದೈತಿ. ನನಗ ಅಲ್ಲಿ ಎಲ್ಲಾರ ಮುಂದ ಭೂಮಿ ಬಾಯಿ ತೆರೆದ್ರ ಒಳಗ ಹೋಗ್ತೀನಿ ಅನಿಸಿತ್ತು. ನೀವು ಹಿಂದs ನಿಂತಿದ್ರಿ."

ಬಸ್ಸು ಹೋದ ಮೇಲೂ ಅಲ್ಲೇ ಕೂತಿದ್ದೆ. ಅಕ್ಕಾರ ಅಂದಳಲ್ಲ, ಅಷ್ಟು ಸಿಟ್ಟಿನಲ್ಲೂ.

26 ನವೆಂಬರ್

ಸರ್‌ಗೆ ಹೇಳಿದೆ. ಫೋನು ಪಕ್ಕಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ನಿನ್ನ ಕೆಲಸದಿಂದ ತೆಗಿಯಂಗಿಲ್ಲ, ಈ ಆಫೀಸ್ ಕಟ್ಟಿದಾಕಿ ನೀನು. ಆದ್ರ ಲಿಂಗಸುಗೂರು ನಿನಗಿಲ್ಲ ಪದ್ಮಾ" ಎಂದರು.

ಮೆಹನಾಜ್ ಹೋಗುತ್ತಾಳೆ. ಚಪ್ಪಾಳೆಯ ಹೊತ್ತಿಗೆ ನಾನೂ ತಟ್ಟಿದೆ. ಅಂಗೈ ಕೆಂಪಾಗುವಷ್ಟು ತಟ್ಟಿದೆನಂತೆ, ಪಕ್ಕದವರು ಹೇಳಿದರು.

9 ಡಿಸೆಂಬರ್, ಸೋಮವಾರ

ಅವಳು ಹೋಗಿ ಒಂದು ವಾರ. ಎದುರಿನ ಟೇಬಲ್ ಖಾಲಿ. ಇವತ್ತು ಒಂದು ಕೆಂಪು ಗೆರೆ ಬಂತು, ಎನಿ ಎಂದು ಬರೆದರೆ ಒಂದು ಕ್ಷಣದ ಕೆಲಸ. ಎರಡು ತಾಸು ಕೂತು ಸರಿ ಮಾಡಿದೆ. ತೋರಿಸಲು ಯಾರೂ ಇರಲಿಲ್ಲ.

17 ಡಿಸೆಂಬರ್, ಮಂಗಳವಾರ

ಮಧ್ಯಾಹ್ನ ಫೋನ್ ಬಂತು. ಹೋದ ಮೇಲೆ ಇದೇ ಮೊದಲ ಸಲ. ದನಿ ಬಿಗಿಯಾಗಿತ್ತು. ಬರೀ ಕೆಲಸದ ಮಾತು. ಸಂತೆಕಲ್ಲೂರಿನ ತೊಗರಿ ಬೆಳೆಗಾರರಿಗೂ ಇಂಥದ್ದೇ ಒಂದು ಮಾಡಿಕೊಡಬೇಕಂತೆ. "ನೀವು ಆ ಕಡೆ ಮೊದಲು ಕೆಲಸ ಮಾಡೀರಂತ ಸರ್ ಹೇಳಿದ್ರು. ಏನೇನ್ ತಿಳ್ಕೋಬೇಕು ಹೇಳ್ರಿ."

ಹೇಳಿದೆ. ರಾಶಿ ಯಾವಾಗ ಮಾಡುತ್ತಾರೆ, ಯಾರ ಮಾತು ನಡೆಯುತ್ತದೆ, ಒಂದೇ ಹೆಸರಿನ ಐದು ಜನರನ್ನು ಊರಲ್ಲಿ ಹೇಗೆ ಗುರುತಿಸುತ್ತಾರೆ, ನೆನಪಾದದ್ದೆಲ್ಲ ಹೇಳಿದೆ. ಒಂದು ತಾಸಾಗಿತ್ತು, ಫೋನು ಕಿವಿಗೆ ಸುಡುತ್ತಿತ್ತು. ಅವಳೆಲ್ಲ ಬರೆದುಕೊಂಡಳು. ಕೊನೆಗೆ ದನಿ ಸ್ವಲ್ಪ ಸಡಿಲವಾಯಿತು. "ಇಲ್ಲಿ ಹೊಸದಾಗಿ ಶಿವಕುಮಾರಿ ಅಂತ ಬಂದಾಳ್ರಿ, ಲಿಂಗಸುಗೂರಿನಾಕಿನs. ಭಾಳ ಚುರುಕ ಅದಾಳ. ನನ್ನ ಪಕ್ಕದಾಗs ಕುಂದ್ರತಾಳ, ದಿನಾ ಒಂದೊಂದು ಹೇಳಿಕೊಡಾಕತ್ತೀನಿ" ಎಂದಳು.

ಶಿವಕುಮಾರಿಯಂತೆ. ಚುರುಕಂತೆ. ಬಂದು ಹದಿನೈದು ದಿನವಾಗಿಲ್ಲ, ಆಗಲೇ ಪಕ್ಕದಲ್ಲಿ ಕುರ್ಚಿಯಂತೆ. ನಾನು ಇಲ್ಲಿ ಎರಡು ತಾಸು ಒಬ್ಬಳೇ ಕೂತು ಸರಿ ಮಾಡಿದ್ದನ್ನು ಅವಳಿಗೆ ಐದು ನಿಮಿಷದಲ್ಲಿ ಹೇಳಿಕೊಟ್ಟಿರುತ್ತಾಳೆ. ನನ್ನ ಈ ಸ್ವಭಾವ ಹೋಗುವುದಲ್ಲ, ಅವ್ವ ಹೇಳುವುದು ನಿಜ.

ನಾಳೆ ಒಂದು ದಿನ ರಜೆ ಹಾಕಿದ್ದೇನೆ. ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹಿಡಿದು ಹೋಗಿ, ಆ ಶಿವಕುಮಾರಿ ಯಾರು ಎಂದು ಒಂದು ಸಲ ನೋಡಿ ಬರಬೇಕು.